ಬಲಗೆನ್ನೆಗೆ ವಿಕ್ಸ್ ಗೊತ್ತಾಗಲಿಲ್ಲ

ಗಂಗಾವತಿ, ಕಾರಟಗಿ ಕಡೆಯವರಿಗೆ ಮೂಗು ಕಟ್ಟೋದು ಒಂದು ಕಾಯಿಲೆಯೇ ಅಲ್ಲ. ಭತ್ತದ ಕೊಯ್ಲು ಶುರುವಾಯಿತೆಂದರೆ ಗದ್ದೆಗೆ ಮಷಿನ್ ಇಳಿಯುತ್ತದೆ, ಅರ್ಧ ರಸ್ತೆಗೆ ಭತ್ತ ಒಣಹಾಕುತ್ತಾರೆ, ರೈಸ್ ಮಿಲ್ಲುಗಳು ಹಗಲು ರಾತ್ರಿ ಓಡುತ್ತವೆ. ಹೊಟ್ಟು ಸುಟ್ಟ ಬೂದಿ ಮಾಳಿಗೆ ಮೇಲೆ ಒಣಗಿಸಿದ ಬಟ್ಟೆಗೆಲ್ಲ ಕೂರುತ್ತದೆ. ಗಿಣಿಗೇರಿ ಸುತ್ತ ಕಾರ್ಖಾನೆ ಧೂಳು, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರದಲ್ಲಿ ಕಲ್ಲಿದ್ದಲಿನ ಹಾರುಬೂದಿ. ಹೀಗೆ ಬಳ್ಳಾರಿಯಿಂದ ರಾಯಚೂರಿನ ತನಕ ಯಾವ ಊರಿಗೆ ಹೋದರೂ ಮೂಗು ಸೋರೋರು, ತಲೆ ಹಿಡಿದುಕೊಂಡು ಕೂತೋರು ಸಿಗುತ್ತಾರೆ. "ಧೂಳಿಗೆ ಆಗೈತಿ, ಒಂದು ಗುಳಿಗಿ ನುಂಗಿ ಮಲಗು" ಅಂತ ಮನೆಯವರು ಹೇಳುತ್ತಾರೆ.

ಬಹಳ ಜನಕ್ಕೆ ಆ ಮಾತು ಸರಿಯೇ. ನೆಗಡಿಯ ಜೊತೆ ಬರೋ ಸೈನಸ್ ತೊಂದರೆಗೆ ಸಾಮಾನ್ಯವಾಗಿ ವೈರಸ್ ಕಾರಣ. ವಾರ, ಹತ್ತು ದಿನದಲ್ಲಿ ತಾನಾಗೇ ಇಳಿಯುತ್ತದೆ. ಹತ್ತು ದಿನ ದಾಟಿದರೂ ಕಮ್ಮಿಯಾಗದಿದ್ದರೆ, ಅಥವಾ ಕಮ್ಮಿಯಾಗುತ್ತಾ ಬಂದು ಮತ್ತೆ ಜಾಸ್ತಿಯಾದರೆ, ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು ಅಂತ ಡಾಕ್ಟರು ಆಂಟಿಬಯಾಟಿಕ್ ಯೋಚನೆ ಮಾಡುತ್ತಾರೆ. ಅಲ್ಲಿಯವರೆಗೆ ಕಾಯೋದೇ ಒಳ್ಳೆಯದು.

ಆದರೆ ರೋಗ ತಡೆಯೋ ಶಕ್ತಿ ಕುಂದಿದ ಕೆಲವರು ಹಾಗೆ ಕಾಯುವಂತಿಲ್ಲ. ಕೀಮೋ ತಗೊಳ್ಳುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಶುಗರ್ ಹತೋಟಿಗೆ ಬಾರದವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುತ್ತಿರುವವರು. ಇವರ ಮನೆಯವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಕಾ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಬೆಂಗಳೂರಿನಲ್ಲಿ ಕೀಮೋ ಶುರುವಾಯಿತು. ಮೊದಲ ಸುತ್ತಿಗೆ ಆಸ್ಪತ್ರೆಯಲ್ಲೇ ಇರಬೇಕಾಯಿತು. ಆಮೇಲಿನ ಸುತ್ತುಗಳಲ್ಲಿ ಔಷಧ ಮುಗಿದ ಮೇಲೆ ಊರಿಗೆ ಕಳಿಸಿಕೊಡುತ್ತಿದ್ದರು.

ಔಷಧ ಹರಿಸಿದ ದಿನ ಮನುಷ್ಯ ಚೆನ್ನಾಗೇ ಕಾಣುತ್ತಾನೆ. ಬಿಳಿ ರಕ್ತಕಣ ತಳ ಮುಟ್ಟೋದು ಅದಾಗಿ ಒಂದರಿಂದ ಎರಡು ವಾರದ ನಡುವೆ. ಅಷ್ಟೊತ್ತಿಗೆ ರೋಗಿ ರಾತ್ರಿ ಬಸ್ಸು ಹತ್ತಿ ಊರು ಸೇರಿರುತ್ತಾನೆ. ಅಂದರೆ ಮೈಗೆ ಕಾವಲು ಇಲ್ಲದ ಹೊತ್ತಿನಲ್ಲಿ ಆತ ದೊಡ್ಡ ಆಸ್ಪತ್ರೆಯಿಂದ ನೂರಾರು ಕಿಲೋಮೀಟರ್ ದೂರ, ನಮ್ಮ ಧೂಳಿನ ನಡುವೆ ಇರುತ್ತಾನೆ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಿಂದ ಕೀಮೋಗೆ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದಿಗೆ ಓಡಾಡೋ ಎಷ್ಟು ಮನೆಗಳಿವೆ! ಅವರೆಲ್ಲರದೂ ಇದೇ ಕಥೆ.

ಕಾಕಾಗೆ ಆ ಸಲ ಮೂಗು ಸ್ವಲ್ಪ ಕಟ್ಟಿತ್ತು, ಅಷ್ಟೇ. ಸೋರುತ್ತಿರಲಿಲ್ಲ. ಜ್ವರ ಇಲ್ಲ. ಬಲಗಡೆ ಮೇಲಿನ ಹಲ್ಲುಗಳಲ್ಲಿ ಒಂಥರಾ ನೋವು. ಸಂಜೆ ಚಿಗವ್ವ ಹಣೆಗೆ, ಕೆನ್ನೆಗೆ ವಿಕ್ಸ್ ಹಚ್ಚುತ್ತಿದ್ದಾಗ ಕಾಕಾ ಅಂದರು, "ಎಡಕ್ಕ ಚುರುಚುರು ಅಂತೈತಿ. ಬಲಕ್ಕ ಹಚ್ಚೀಯೋ ಇಲ್ಲೋ?"

ಹಚ್ಚಿದ್ದಳು. ಚಿಗವ್ವ ಕೈ ಒರೆಸಿಕೊಂಡು, ಕೊಡದ ನೀರಿನಲ್ಲಿ ಸ್ಟೀಲ್ ಲೋಟ ಅದ್ದಿ, ಮೊದಲು ಎಡಗೆನ್ನೆಗೆ, ಆಮೇಲೆ ಬಲಗೆನ್ನೆಗೆ ಮುಟ್ಟಿಸಿದಳು.

"ತಣ್ಣಗ ಗೊತ್ತಾತೇನ್ರಿ?"

"ಈ ಕಡಿ ಆತು. ಆ ಕಡಿ ಏನೂ ಇಲ್ಲ ನೋಡು."

ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಮೇಲ್ದುಟಿಯ ಅರ್ಧ, ಇಷ್ಟು ಜಾಗ ಪೂರ್ತಿ ಜೋಮು. ಚಿಗವ್ವ ನನಗೆ ಫೋನ್ ಮಾಡಿದಳು. "ತಮ್ಮಾ, ನಿಮ್ಮ ಕಾಕಾನ ಕೆನ್ನಿಗೆ ವಿಕ್ಸ್ ಗೊತ್ತಾಗವಲ್ದು. ಇದು ನೆಗಡಿ ಅಲ್ಲಪ. ಗಾಡಿ ಹೇಳು, ಈಗ ಹೋಗೂಣು." ವಾರ್ಡಿನ ನರ್ಸ್ ಒಬ್ಬರು ಡಿಸ್ಚಾರ್ಜ್ ಮಾಡುವಾಗ ಆಕೆಗೆ ಹೇಳಿ ಕಳಿಸಿದ್ದರಂತೆ: ಮುಖದಲ್ಲಿ ಜೋಮು ಬಂದರೆ, ಕಣ್ಣು ಊದಿದರೆ, ಮೂಗಲ್ಲಿ ಕಪ್ಪಗೆ ಏನಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆ ನರ್ಸಿಗೂ, ಆ ಮಾತನ್ನು ಮರೆಯದ ಚಿಗವ್ವನಿಗೂ ನಮ್ಮ ಮನೆ ಋಣಿ.

ಜೋಮು ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಮುಖದ ಎಲುಬಿನೊಳಗೆ ಗಾಳಿ ತುಂಬಿದ ಟೊಳ್ಳು ಜಾಗಗಳಿವೆ, ಅವೇ ಸೈನಸ್. ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣಿನ ನಡುವೆ, ಇನ್ನೂ ಒಳಗೆ ಮಿದುಳಿನ ಬುಡದಲ್ಲಿ. ಒಂದೊಂದಕ್ಕೂ ಮೂಗಿನೊಳಗೆ ತೆರೆಯೋ ಸಣ್ಣ ಕಿಂಡಿ ಇರುತ್ತದೆ. ಕಣ್ಣಿನ ಗೂಡಿಗೂ ಅದರ ಪಕ್ಕದ ಸೈನಸ್‌ಗೂ ನಡುವೆ ಇರೋ ಎಲುಬು ಕಾಗದದಷ್ಟು ತೆಳು. ಕೆನ್ನೆಗೆ, ಮೇಲ್ದುಟಿಗೆ ಸ್ಪರ್ಶ ತಿಳಿಸೋ ನರ ಕೆನ್ನೆಯ ಸೈನಸ್ಸಿನ ಮಾಡಿನಲ್ಲೇ ಹಾದು ಕಣ್ಣಿನ ಕೆಳಗೆ ಹೊರಗೆ ಬರುತ್ತದೆ. ಸಾದಾ ನೆಗಡಿಯಲ್ಲಿ ಕೆನ್ನೆ ನೋಯಬಹುದು, ಭಾರ ಅನ್ನಿಸಬಹುದು. ಸ್ಪರ್ಶವೇ ಹೋಯಿತು ಅಂದರೆ ಒಳಗಿರೋದು ಎಲುಬು ದಾಟಿ ನರಕ್ಕೆ ಕೈ ಹಾಕಿರಬಹುದು ಅಂತ ಅರ್ಥ.

ಹಾಗಾದರೆ ಜ್ವರ, ಕೀವು, ಕೆಂಪು ಊತ ಯಾಕೆ ಬರಲಿಲ್ಲ? ಕೀವು ಅಂದರೆ ಬಹುಪಾಲು ಹೋರಾಡಿ ಸತ್ತ ಬಿಳಿ ರಕ್ತಕಣಗಳು. ಹಳದಿ ಸಿಂಬಳ, ಊತ, ಕಾವು, ಇವೆಲ್ಲ ಮೈ ತಿರುಗಿ ಬಿದ್ದಿದ್ದರ ಗುರುತು. ಬಿಳಿ ರಕ್ತಕಣವೇ ಇಲ್ಲದವನ ಮೈ ತಿರುಗಿ ಬೀಳೋದು ಹೇಗೆ? ಸೋಂಕು ಸದ್ದಿಲ್ಲದೆ ಒಳಗೆ ಬೆಳೆಯುತ್ತದೆ, ಮೇಲೆ ನೋಡಿದರೆ ಏನೂ ಕಾಣೋದಿಲ್ಲ. ನಾವು ರೋಗದ ಅಳತೆ ಮಾಡೋದು ಅದು ಎಬ್ಬಿಸೋ ಗದ್ದಲದ ಮೇಲೆ. ಶಕ್ತಿ ಕುಂದಿದ ಮೈಯಲ್ಲಿ ಆ ಅಳತೆ ಕೆಲಸಕ್ಕೆ ಬಾರದು. ಸಣ್ಣದು ಅನ್ನಿಸೋ ಒಂದು ಗುರುತನ್ನೇ ದೊಡ್ಡದು ಅಂತ ಹಿಡಿಯಬೇಕು. ಇಷ್ಟು ಬರೆಯೋದರ ಉದ್ದೇಶವೂ ಇದೇ.

ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಇಳಿದರೆ ಅಪಾಯ ತುಂಬಾ ಜಾಸ್ತಿ. ಆಗ 101 ಡಿಗ್ರಿ ಜ್ವರ ಒಂದೇ ಸಲ ಕಂಡರೂ, ಅಥವಾ 100.4 ಒಂದು ಗಂಟೆ ನಿಂತರೂ, ಅದು ತುರ್ತು. ಥರ್ಮಾಮೀಟರ್ ಇಡದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಆ ಒಂದು ಗುರುತನ್ನೂ ಅಳಿಸಿಹಾಕಿದಂತೆ.

ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರು ಹತ್ತಿಯ ಎಳೆಯಿಂದ ಎರಡೂ ಕೆನ್ನೆ ಸವರಿ ನೋಡಿದರು. ಬಾಯಿ ತೆರೆಸಿ ಅಂಗುಳಕ್ಕೆ ಟಾರ್ಚ್ ಬಿಟ್ಟರು. ಆಮೇಲೆ ತೆಳು ದುರ್ಬೀನು ಮೂಗಿನೊಳಗೆ ಬಿಟ್ಟು ಪರದೆ ಮೇಲೆ ನಮಗೂ ತೋರಿಸಿದರು. ಎಡಗಡೆ ಒಳಚರ್ಮ ನಸುಗೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಬಲಗಡೆ ಒಂದು ತುಂಡು ಜಾಗ ಬಿಳಚಿಕೊಂಡು, ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಮುಟ್ಟಿದರೆ ಕಾಕಾಗೆ ನೋವೂ ಇಲ್ಲ, ರಕ್ತವೂ ಬರಲಿಲ್ಲ. ಡಾಕ್ಟರು ಏನೂ ಮಾತಾಡದೆ ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಬ್ಲ್ಯಾಕ್ ಫಂಗಸ್ ಸುದ್ದಿ ಕೇಳಿದ ಮೇಲೆ ಬಹಳ ಜನ ಕಪ್ಪು ಕಲೆ ಬಂತಾ ಅಂತ ಹುಡುಕುತ್ತಾ ಕೂರುತ್ತಾರೆ. ಕಪ್ಪು ಬರೋದು ತಡವಾಗಿ, ಆ ಜಾಗ ಸತ್ತ ಮೇಲೆ. ಮೊದಲು ಬರೋದು ಬಿಳಚು, ಜೋಮು, ಒಂದೇ ಕಡೆ ನೋವು. ಸಿ.ಟಿ. ಸ್ಕ್ಯಾನ್ ಕೂಡ ಶುರುವಿನಲ್ಲಿ ಸ್ವಲ್ಪ ದಪ್ಪಗಾದ ಒಳಪದರ ಬಿಟ್ಟು ಬೇರೇನೂ ತೋರಿಸದೆ ಇರಬಹುದು. ಕಣ್ಣಿಗೆ, ಮಿದುಳಿಗೆ ಹರಡಿದೆಯಾ ಅಂತ ನೋಡೋಕೆ ಎಂ.ಆರ್.ಐ. ವಾಸಿ. ಆದರೆ ಖಾತ್ರಿ ಆಗೋದು ಆ ಚೂರನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗಲೇ. ಅದಕ್ಕೇ "ಸ್ಕ್ಯಾನ್ ನಾರ್ಮಲ್ ಐತಿ" ಅಂತ ಸುಮ್ನೆ ವಾಪಸ್ ಬರೋದು ಬೇಡ.

ಕಾಕಾನ ಮೂಗಿನಲ್ಲಿ ಇದ್ದದ್ದು ಆಸ್ಪರ್ಜಿಲಸ್ ಅನ್ನೋ ಬೂಷ್ಟು. ಒದ್ದೆ ಹುಲ್ಲು, ಕೊಳೆತ ಎಲೆ, ಕಾಳಿನ ಧೂಳು, ಮಣ್ಣು, ಎಲ್ಲ ಕಡೆ ಇರುತ್ತದೆ. ಅದರ ಕಣಗಳನ್ನು ನೀವೂ ನಾನೂ ದಿನಾ ಉಸಿರಾಡುತ್ತೇವೆ, ನಮ್ಮ ಬಿಳಿ ಕಣಗಳು ಅವನ್ನು ತಿಂದು ಮುಗಿಸುತ್ತವೆ. ಹಾಗೆ ಮುಗಿಸೋರು ಇಲ್ಲದಿದ್ದರೆ ಅದು ಮೊಳೆಯುತ್ತದೆ, ಎಳೆ ಬಿಡುತ್ತದೆ, ಆ ಎಳೆಗಳು ರಕ್ತನಾಳದೊಳಗೆ ನುಗ್ಗುತ್ತವೆ. ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ರಕ್ತ ಸಿಗದ ಜಾಗ ಸಾಯುತ್ತದೆ. ಸತ್ತ ಜಾಗಕ್ಕೆ ರಕ್ತ ಹೋಗದ ಮೇಲೆ ರಕ್ತದಲ್ಲಿ ಬಿಟ್ಟ ಔಷಧ ಹೋಗೋದಾದರೂ ಹೇಗೆ? ಅದಕ್ಕೇ ಬರೀ ಔಷಧ ಸಾಕಾಗೋದಿಲ್ಲ, ಸತ್ತದ್ದನ್ನೆಲ್ಲ ರಕ್ತ ಬರೋ ಜಾಗದ ತನಕ ಕೆತ್ತಿ ತೆಗೆಯಬೇಕು. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ಕಮ್ಮಿ ಇದ್ದವರಿಗೆ ಪ್ಲೇಟ್‌ಲೆಟ್ ಏರಿಸಿಯೇ ಆಪರೇಷನ್ ಮಾಡಬೇಕಾಗುತ್ತದೆ. ಕಾಕಾಗೂ ಹಾಗೇ ಮಾಡಿದರು. ಮಧ್ಯರಾತ್ರಿ ಪ್ಲೇಟ್‌ಲೆಟ್‌ಗೆ ದಾನಿಗಳನ್ನು ಹುಡುಕಿದ್ದನ್ನು ಇಲ್ಲಿ ಬರೆಯೋದಿಲ್ಲ. ಕೊಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಪರೀಕ್ಷೆಯ ಉತ್ತರ ಬರೋ ತನಕ ಆಂಫೊಟೆರಿಸಿನ್ ಕೊಟ್ಟರು. ಅದು ಆಸ್ಪರ್ಜಿಲಸ್‌ಗೂ, ಬ್ಲ್ಯಾಕ್ ಫಂಗಸ್ ಅನ್ನೋ ಮ್ಯೂಕರ್‌ಗೂ ಕೆಲಸ ಮಾಡುತ್ತದೆ. 1950ರ ದಶಕದಲ್ಲಿ ವೆನೆಜುವೆಲಾದ ನದಿ ದಂಡೆಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ತೆಗೆದ ಔಷಧ. ಮಣ್ಣಿನ ಕಾಯಿಲೆಗೆ ಮಣ್ಣಿನಲ್ಲೇ ಮದ್ದು. ಆದರೆ ಬಲು ಒರಟು ಮದ್ದು. ಹರಿಸುವಾಗ ಚಳಿ ಬಂದು ಮೈ ನಡುಗುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಕಿಡ್ನಿಗೆ ಏಟು. ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಕಟ್ಟಿದ ಲೈಪೋಸೋಮಲ್ ರೂಪ ಕಿಡ್ನಿಗೆ ಸ್ವಲ್ಪ ಹಗುರ, ಬೆಲೆ ಬಹಳ ಜಾಸ್ತಿ. ಆಸ್ಪರ್ಜಿಲಸ್ ಅಂತ ಗೊತ್ತಾದ ಮೇಲೆ ವೊರಿಕೊನಜೋಲ್ ಅನ್ನೋ ಇನ್ನೊಂದು ಬೂಷ್ಟಿನ ಔಷಧಕ್ಕೆ ಬದಲಾಯಿಸಿದರು. ಅದೇ ವೊರಿಕೊನಜೋಲ್ ಮ್ಯೂಕರ್‌ಗೆ ಕೆಲಸ ಮಾಡೋದಿಲ್ಲ. ಯಾವ ಬೂಷ್ಟು ಅಂತ ತಿಳಿಯದೆ ಊಹೆಯ ಮೇಲೆ ಗುಳಿಗೆ ಶುರು ಮಾಡಿದರೆ ಏನಾಗಬಹುದು ಅಂತ ಯೋಚಿಸಿ.

ವೊರಿಕೊನಜೋಲ್ ಗುಳಿಗೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟ ಆಗಿ ಒಂದು ಗಂಟೆಯ ಮೇಲೆ. ನುಂಗಿದ ಸ್ವಲ್ಪ ಹೊತ್ತಿಗೆ ಕಣ್ಣೆದುರು ಬೆಳಕು ಝಗ್ಗನೆ ಜಾಸ್ತಿಯಾದಂತೆ ಕಾಣುತ್ತಿತ್ತು ಅಂತ ಕಾಕಾ ಹೇಳುತ್ತಿದ್ದರು. ಆ ಔಷಧಕ್ಕೆ ಅದು ಮಾಮೂಲು, ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ. ಇನ್ನೊಂದು, ಬಿಸಿಲಿಗೆ ಚರ್ಮ ಸುಡುತ್ತದೆ. ಕೊಪ್ಪಳದ ಏಪ್ರಿಲ್ ಬಿಸಿಲು ಗೊತ್ತಲ್ಲ, ಕಾಕಾ ಅಂಗಳಕ್ಕೆ ಹೋಗಬೇಕಾದರೂ ಕೊಡೆ, ತುಂಬುತೋಳಿನ ಅಂಗಿ.

ಜೀವ ಉಳಿಯಿತು, ಕಣ್ಣು ಉಳಿಯಿತು. ಅಂಗುಳದ ಬಲಭಾಗ ಹೋಯಿತು. ಅಂಗುಳ ಇಲ್ಲದಿದ್ದರೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇಲ್ಲದಂತೆ. ಕುಡಿದ ನೀರು ಮೂಗಿಗೆ ಬರುತ್ತದೆ, ಮಾತು ಮೂಗಿನೊಳಗೆ ಹೋಗಿ ಬೇರೆಯವರಿಗೆ ತಿಳಿಯೋದಿಲ್ಲ. ಹಲ್ಲಿನ ಡಾಕ್ಟರು ಅಳತೆ ತಗೊಂಡು ಆ ತೂತು ಮುಚ್ಚೋ ಪ್ಲೇಟ್ ಮಾಡಿಕೊಟ್ಟರು, ಅದರಲ್ಲೇ ಹಲ್ಲುಗಳೂ ಕೂತಿವೆ. ಊಟ ಆದ ಮೇಲೆ ಕಾಕಾ ಬಚ್ಚಲಿಗೆ ಹೋಗಿ ಅದನ್ನು ತೆಗೆದು ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಅಂಚಿನಲ್ಲಿ ಸಿಕ್ಕ ಅನ್ನದ ಅಗುಳು ಬಿಡಿಸಿ, ಮತ್ತೆ ಕೂರಿಸಿಕೊಳ್ಳುತ್ತಾರೆ. ಕಟಿ ರೊಟ್ಟಿ ಆಗೋದಿಲ್ಲ. ಬಿಸಿ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಎಡಗಡೆ ಇಟ್ಟುಕೊಂಡು ತಿನ್ನುತ್ತಾರೆ. ಪ್ಲೇಟ್ ಹಾಕಿದಾಗ ಅವರ ದನಿ ಹಳೆಯ ದನಿಯೇ.

ಶಕ್ತಿ ಕುಂದಿದವರ ಸೈನಸ್ ತೊಂದರೆಯೆಲ್ಲ ಬೂಷ್ಟೇ ಅಂತ ಹೆದರಬೇಕಾಗಿಲ್ಲ. ಅವರಿಗೂ ಸಾದಾ ವೈರಸ್ ಬರುತ್ತದೆ, ಬ್ಯಾಕ್ಟೀರಿಯಾ ಬರುತ್ತದೆ. ಎಚ್‌ಐವಿ ಇದ್ದವರಿಗೆ ಸಿಡಿ4 ಅನ್ನೋ ಬಿಳಿ ಕಣಗಳು ಇಳಿದಾಗ ಸೈನಸ್ ಮತ್ತೆ ಮತ್ತೆ ಕಾಡುತ್ತದೆ, ಎಚ್‌ಐವಿಗೆ ಕೊಡೋ ಎಆರ್‌ಟಿ ಗುಳಿಗೆ ತಪ್ಪದೆ ತಗೊಂಡು ಕಣಗಳು ಏರಿದರೆ ಅದೂ ತಗ್ಗುತ್ತದೆ. ಆದರೆ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋಕೆ ಆಗೋದಿಲ್ಲ. ಕಿಡ್ನಿ ಕಸಿ ಆದವರು ಮೆಡಿಕಲ್ ಶಾಪಿನಿಂದ ತಾವೇ ಗುಳಿಗೆ ತರೋದಂತೂ ಬೇಡವೇ ಬೇಡ. ಕೆಲವು ಆಂಟಿಬಯಾಟಿಕ್, ಬೂಷ್ಟಿನ ಗುಳಿಗೆಗಳು, ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಕೊಡೋ ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಒಮ್ಮೆಗೇ ಏರಿಸುತ್ತವೆ. ಕೆಲವು ನೋವಿನ ಗುಳಿಗೆಗಳು ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಕೊಡುತ್ತವೆ.

ಮಕ್ಕಳ ಬಗ್ಗೆಯೂ ಒಂದು ಮಾತು. ಒಂದೇ ವರ್ಷದಲ್ಲಿ ಎರಡು ಮೂರು ಸಲ ಜೋರು ಸೈನಸ್ ಸೋಂಕು, ಜೊತೆಗೆ ಕಿವಿ ಸೋರೋದು, ನ್ಯುಮೋನಿಯಾ ಬಂದರೆ ಹುಟ್ಟಿನಿಂದಲೇ ರೋಗ ತಡೆಯೋ ಶಕ್ತಿಯಲ್ಲಿ ಕೊರತೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮಲ್ಲಿ ಸೋದರಮಾವ, ಅತ್ತೆ ಮಗ ಅಂತ ಸಂಬಂಧದೊಳಗೆ ಮದುವೆ ಜಾಸ್ತಿ. ಹಾಗಾಗಿ ಇಂಥ ಕೆಲವು ಕೊರತೆಗಳು ಮಕ್ಕಳಿಗೆ ಬರೋ ಸಾಧ್ಯತೆಯೂ ಜಾಸ್ತಿ.

ನನಗೆ ಎಲ್ಲಕ್ಕಿಂತ ಸಂಕಟ ಆಗೋದು ತಮ್ಮ ಶಕ್ತಿ ಕುಂದಿದೆ ಅಂತ ಗೊತ್ತೇ ಇಲ್ಲದವರನ್ನು ನೆನೆದರೆ. ಮೊಣಕಾಲು ನೋವಿಗೆ, ದಮ್ಮಿಗೆ ಹಳ್ಳಿಗಳಲ್ಲಿ ಹೆಸರಿಲ್ಲದ ಪೊಟ್ಟಣ ಕೊಡುತ್ತಾರೆ. ನುಂಗಿದ ಎರಡೇ ದಿನಕ್ಕೆ ನೋವು ಮಾಯ, ಹಸಿವೂ ಜೋರು. "ಗುಣ ಆತು" ಅಂತ ಮತ್ತೆ ಹೋಗಿ ತರುತ್ತಾರೆ. ಬಹಳ ಸಲ ಅದರಲ್ಲಿ ಇರೋದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂನಂತೆ ಎರಡು ವಾರಕ್ಕಿಂತ ಜಾಸ್ತಿ ತಗೊಂಡರೇ ರೋಗ ತಡೆಯೋ ಶಕ್ತಿ ಕುಂದಿದೆ ಅಂತ ಡಾಕ್ಟರು ಲೆಕ್ಕ ಹಿಡಿಯುತ್ತಾರೆ. ಇವರು ವರ್ಷಗಟ್ಟಲೆ ನುಂಗಿರುತ್ತಾರೆ. ಮುಖ ದುಂಡಗಾಗಿ, ಚರ್ಮ ತೆಳುವಾಗಿ, ಶುಗರ್ ಏರಿರುತ್ತದೆ. ಸ್ಟೀರಾಯ್ಡ್ ಅಂತ ತಿಳಿದ ಕೂಡಲೇ ಒಮ್ಮೆಗೇ ನಿಲ್ಲಿಸೋದೂ ಅಪಾಯ, ಡಾಕ್ಟರ ಕೈಯಲ್ಲಿ ನಿಧಾನ ಇಳಿಸಬೇಕು. ಮನೆಯ ಹಿರಿಯರು ಯಾವ ಪೊಟ್ಟಣ ನುಂಗುತ್ತಿದ್ದಾರೆ ಅಂತ ದಯವಿಟ್ಟು ಒಮ್ಮೆ ಕೇಳಿ ನೋಡಿ.

2021ರಲ್ಲಿ ಕಂಡದ್ದು ಇದರ ದೊಡ್ಡ ರೂಪವೇ. ಕೊರೊನಾ, ಅದಕ್ಕೆ ಕೊಟ್ಟ ಸ್ಟೀರಾಯ್ಡ್, ಮೊದಲೇ ಇದ್ದ ಶುಗರ್, ಮೂರೂ ಕೂಡಿದವು. ಶುಗರ್ ತೀರಾ ಏರಿ ರಕ್ತ ಹುಳಿಯಾದಾಗ ಮ್ಯೂಕರ್‌ಗೆ ಬೇಕಾದ ಕಬ್ಬಿಣದ ಅಂಶ ರಕ್ತದಲ್ಲಿ ಸಲೀಸಾಗಿ ಸಿಗುತ್ತದೆ, ಬಿಳಿ ಕಣಗಳೂ ಮಂದವಾಗುತ್ತವೆ. ಆ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಅಂತ ರಾಜ್ಯಗಳಿಗೆ ಬರೆಯಿತು. ಜೂನ್ ಕೊನೆಗೆ ದೇಶದಲ್ಲಿ 40,000ಕ್ಕೂ ಜಾಸ್ತಿ ಜನಕ್ಕೆ ಬಂದಿತ್ತು. ಕೊರೊನಾ ಹೋಯಿತು ಅಂತ ಜನ ಅದನ್ನು ಮರೆತರು. ಶುಗರ್ ಹೋಗಿಲ್ಲ, ಪೊಟ್ಟಣಗಳೂ ಹೋಗಿಲ್ಲ.

ಮನೆಯಲ್ಲಿ ಮಾಡೋ ಕೆಲಸ ಇಷ್ಟೇ. ಕೌಂಟ್, ಅಂದರೆ ಬಿಳಿ ಕಣಗಳ ಲೆಕ್ಕ, ಇಳಿಯೋ ದಿನಗಳಲ್ಲಿ ರೋಗಿಯನ್ನು ಮಿಲ್ಲಿನ ಕಡೆ, ಭತ್ತ ತೂರೋ ಕಡೆ, ಮನೆ ಕೆಡವೋ ಕಡೆ ಕಳಿಸಬೇಡಿ. ಹೋಗಲೇಬೇಕಾದರೆ ಎನ್95 ಮಾಸ್ಕ್. ಬೇಸಿಗೆಯಲ್ಲಿ ಕೂಲರಿನ ಹುಲ್ಲಿನ ಪ್ಯಾಡ್ ಹಳೆಯದಾಗಿ ಮುಗ್ಗು ವಾಸನೆ ಬರುತ್ತಿದ್ದರೆ ಅದರ ಗಾಳಿಗೆ ಕೂರಿಸಬೇಡಿ. ಡಾಕ್ಟರು ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದ್ದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಕಾಲುವೆ ನೀರು ಮೂಗಿಗೆ ಬೇಡ. ಮೂಗಿನಿಂದ ಮಿದುಳಿಗೆ ಹತ್ತೋ ಅಮೀಬಾ ಕೇರಳದಲ್ಲಿ 2024, 2025ರಲ್ಲಿ ಎಷ್ಟು ಕಾಡಿತು ಅಂತ ಓದಿದ್ದೀರಲ್ವಾ. ನಿಂಬೆ ರಸ, ಎಣ್ಣೆ, ಬಳ್ಳೊಳ್ಳಿ ರಸ ಯಾವುದನ್ನೂ ಮೂಗಿಗೆ ಬಿಡಬೇಡಿ.

ಇನ್ನು ಡಿಸ್ಚಾರ್ಜ್ ಪೇಪರ್. ಅದರಲ್ಲಿ ಎಲ್ಲ ಇರುತ್ತದೆ, ಇಂಗ್ಲಿಷಿನಲ್ಲಿ. ರಾತ್ರಿ ರೋಗಿಯ ಪಕ್ಕ ಕೂರೋದು ಚಿಗವ್ವನಂಥವರು, ಓದೋಕೆ ಬರೋ ಮಗ ಊರಲ್ಲಿ ಇರೋದಿಲ್ಲ. ಕೀಮೋ, ಕಸಿ ಆದವರನ್ನು ಮನೆಗೆ ಕಳಿಸುವಾಗ ಅಪಾಯದ ಗುರುತುಗಳನ್ನು ಕನ್ನಡದಲ್ಲಿ ಅರ್ಧ ಹಾಳೆ ಬರೆದು ಕೊಡಲಿ ಅಂತ ನಾನು ಪ್ರತಿ ಆಸ್ಪತ್ರೆಯನ್ನೂ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯ ಹಾಳೆಯನ್ನು ನಾನೇ ಬರೆದು ಕಾಕಾನ ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿದ್ದೇನೆ. ಅದರಲ್ಲಿ ಇರೋದು: ಒಂದೇ ಕಡೆ ಮುಖ ನೋವು ಅಥವಾ ಜೋಮು. ಕಣ್ಣಿನ ಸುತ್ತ ಊತ, ರೆಪ್ಪೆ ಜೋಲೋದು, ಒಂದು ಎರಡಾಗಿ ಕಾಣೋದು. ಮೇಲಿನ ಹಲ್ಲು ಅಲುಗೋದು. ಅಂಗುಳದಲ್ಲಿ, ಮೂಗಿನಲ್ಲಿ ಬಿಳಚು ಅಥವಾ ಕಪ್ಪು. ಮೂಗಿನಿಂದ ರಕ್ತ ಬೆರೆತ, ಕಪ್ಪಾದ ಸಿಂಬಳ. ಕೌಂಟ್ ಕಮ್ಮಿ ಇದ್ದಾಗ ಜ್ವರ. ಇದರಲ್ಲಿ ಯಾವುದೇ ಒಂದು ಇದ್ದರೂ ಆ ಹೊತ್ತಿಗೇ ಹೊರಡೋದು.

ಬೆಂಗಳೂರು ದೂರ ಅಂತ ತಡಮಾಡೋದು ಬೇಡ. ಜನ ಈಗಲೂ ವಿಮ್ಸ್ ಅಂತಲೇ ಕರೆಯೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು 1961ರಿಂದ ಇದೆ, ರಾಯಚೂರಿನ ರಿಮ್ಸ್ 2007ರಿಂದ, ಕೊಪ್ಪಳದ್ದು 2015ರಿಂದ. ಮೂರರಲ್ಲೂ ಕಿವಿ ಮೂಗು ಗಂಟಲಿನ ವಿಭಾಗ ಇದೆ. ಮೊದಲು ಹತ್ತಿರದಲ್ಲಿ ತೋರಿಸಿ, ಜೊತೆಗೇ ಕೀಮೋ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಕ್ಯಾಷುಯಲ್ಟಿಯಲ್ಲಿ "ನೆಗಡಿ ಆಗೈತ್ರಿ" ಅಂತ ಮಾತು ಶುರು ಮಾಡಿದರೆ ಸಾಲಿನ ಕೊನೆಗೆ ಕೂರಿಸುತ್ತಾರೆ. "ಕೀಮೋ ಆಗೈತ್ರಿ, ಕೌಂಟ್ ಕಮ್ಮಿ ಐತಿ, ಒಂದ್ ಕಡಿ ಕೆನ್ನಿ ಜೋಮು ಹಿಡದೈತಿ, ಮೂಗಿನ್ಯಾಗ ದುರ್ಬೀನು ಹಾಕಿ ನೋಡ್ರಿ" ಅಂತ ಹೇಳಿ. ಚಿಗವ್ವ ಅವತ್ತು ಕೌಂಟರಿನಲ್ಲಿ ನಿಂತು ಹೇಳಿದ್ದೂ ಹೀಗೇ.